ಗುಡವಿಯಲ್ಲಿ ಹಕ್ಕಿ ಹಿಡಿಯುವ ಆಟ

ಕಂಪ್ಯೂಟರಿನ ಮೊದಲ ಸಾಹಸದಾಟ ‘ಅಡ್ವೆಂಚರ್’ನಲ್ಲಿ ಒಂದು ಹಕ್ಕಿ ಇದೆ. ಗುಹೆಯೊಳಗೆ ಕೂತು ಹಾಡುತ್ತಿರುತ್ತದೆ. ಅದನ್ನು ಹಿಡಿಯಲು ಪಂಜರ ಬೇಕು. ನಮ್ಮ ಕೈಯಲ್ಲಿ ಕಪ್ಪು ಕೋಲು ಇದ್ದರೆ ಅದು ಹೆದರುತ್ತದೆ, ಸಿಕ್ಕುವುದಿಲ್ಲ. ಕೋಲನ್ನು ಕೆಳಗಿಟ್ಟು ಹಕ್ಕಿ ಹಿಡಿದು, ಮುಂದೆ ದಾರಿಗಡ್ಡ ಬಿದ್ದಿರುವ ಹಾವಿನೆದುರು ಬಿಟ್ಟರೆ ಹಾವು ಜಾಗ ಖಾಲಿ ಮಾಡುತ್ತದೆ. ಪರದೆಯ ಮೇಲೆ ಹಕ್ಕಿಯ ಚಿತ್ರವಿಲ್ಲ, ಹಾವಿನದ್ದೂ ಇಲ್ಲ. ಯಂತ್ರ ಒಂದೆರಡು ವಾಕ್ಯ ಹೇಳುತ್ತದೆ, ಆಡುವವರು ಎರಡು ಪದ ಟೈಪಿಸುತ್ತಾರೆ, ಅಷ್ಟೇ. (ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ‘ಹಕ್ಕಿ ಹಿಡಿ’ ಎಂದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ, ಅದು ಬೇರೆ ಮಾತು.)

ಚಿತ್ರ ತೋರಿಸುವ ಶಕ್ತಿ ಯಂತ್ರಕ್ಕೆ ಇಲ್ಲದಿದ್ದಾಗ ಹುಟ್ಟಿದ ಬಡ ಆಟಗಳಿವು, ಶಕ್ತಿ ಬಂದ ಮೇಲೆ ಸಹಜವಾಗಿಯೇ ಮೂಲೆಗೆ ಸರಿದವು ಎಂಬ ವಾದವಿದೆ. ಚಿತ್ರ ಏಕಿರಲಿಲ್ಲ ಎಂಬುದಕ್ಕೆ ಇದು ಉತ್ತರವಾದೀತು. ಆದರೆ ಅದೇ ಬಡತನದಲ್ಲಿ ಹುಟ್ಟಿದ ನೂರಾರು ಆಟಗಳು ಹೇಳಹೆಸರಿಲ್ಲದಂತಾದವು, ಇದು ಐವತ್ತು ವರ್ಷ ಬಾಳಿತು. ಅದೇಕೆ?

ವಿಲ್ ಕ್ರೌಥರ್ ಅಮೆರಿಕದ ಬಿಬಿಎನ್ ಕಂಪನಿಯಲ್ಲಿ, ಇಂಟರ್ನೆಟ್ಟಿನ ಪೂರ್ವಜವಾದ ಆರ್ಪಾನೆಟ್‌ಗಾಗಿ ಪ್ರೋಗ್ರಾಂ ಬರೆಯುತ್ತಿದ್ದವರು. ರಜೆ ಸಿಕ್ಕರೆ ಗುಹೆ ಹೊಗುವವರು. ಕೆಂಟಕಿಯ ಮ್ಯಾಮತ್ ಗುಹೆ ಈವರೆಗೆ ಅಳೆದಿರುವಷ್ಟೇ 680 ಕಿಲೋಮೀಟರಿಗೂ ಹೆಚ್ಚು ಉದ್ದ. ಅದರ ಅಳತೆಯ ಕೆಲಸದಲ್ಲಿ ಅವರೂ ಪತ್ನಿ ಪ್ಯಾಟ್ ಕೂಡ ಇದ್ದರು. 1972ರಲ್ಲಿ ಎರಡು ದೊಡ್ಡ ಗುಹಾಜಾಲಗಳು ಒಳಗೊಳಗೇ ಕೂಡುತ್ತವೆ ಎಂದು ಕಂಡುಕೊಂಡ ತಂಡದಲ್ಲಿ ಪ್ಯಾಟ್ ಇದ್ದರು. ಮುಂದೆ ದಂಪತಿ ಬೇರೆಯಾದರು. ದೂರವಾದ ಹೆಣ್ಣುಮಕ್ಕಳು ಆಡಲೆಂದು ಕ್ರೌಥರ್ 1975-76ರಲ್ಲಿ ಪಿಡಿಪಿ-10 ಯಂತ್ರದ ಮೇಲೆ ಫೋರ್ಟ್ರಾನ್ ಭಾಷೆಯಲ್ಲಿ ‘ಅಡ್ವೆಂಚರ್’ ಬರೆದರು. ಅದರ ಗುಹೆ ತಾವು ಮೊಣಕೈಯಲ್ಲಿ ತೆವಳಿ ಅಳೆದ ಬೆಡ್‌ಕ್ವಿಲ್ಟ್ ಭಾಗವೇ. ಆಟ ಆಡಿ ಕಲಿತವರೊಬ್ಬರು ಮೊದಲ ಸಲ ನಿಜವಾದ ಗುಹೆಗಿಳಿದು ತಾವೇ ದಾರಿ ಹಿಡಿದು ನಡೆದರು ಎಂಬ ಕಥೆ ಗುಹಾಸಕ್ತರಲ್ಲಿ ಇಂದಿಗೂ ಓಡಾಡುತ್ತದೆ.

1977ರಲ್ಲಿ ಸ್ಟಾನ್‌ಫರ್ಡಿನ ಡಾನ್ ವುಡ್ಸ್ ಈ ಪ್ರೋಗ್ರಾಂ ಕಂಡು ಕ್ರೌಥರ್ ಅವರ ಒಪ್ಪಿಗೆ ಪಡೆದು ಬೆಳೆಸಿದರು. ಅಂಕಗಳು, ಸೇತುವೆ ಕಾಯುವ ರಾಕ್ಷಸ, ಕೆಂಟಕಿಯ ಸುಣ್ಣಕಲ್ಲಿನಡಿ ಎಲ್ಲೂ ಇಲ್ಲದ ಜ್ವಾಲಾಮುಖಿ, ಎಲ್ಲ ಬಂದವು. ಜನ ರಾತ್ರಿಯಿಡೀ ಕೂತಿದ್ದು ವುಡ್ಸ್ ಅವರ ಒಗಟುಗಳಿಗಾಗಿ ಎಂಬುದನ್ನು ಒಪ್ಪಲೇಬೇಕು. ಆದರೂ ಜ್ವಾಲಾಮುಖಿಯ ವರ್ಣನೆಯಲ್ಲಿ ವಿಶೇಷಣಗಳು ಉಕ್ಕುತ್ತವೆ. ಕ್ರೌಥರ್ ಬರೆದ ಕಡೆ ಸೂರು ಎಷ್ಟು ತಗ್ಗು, ದಾರಿ ಯಾವ ದಿಕ್ಕಿಗೆ ಎಂಬುದಷ್ಟೇ ಇರುತ್ತದೆ. ನನಗಂತೂ ಮೈ ಜುಂ ಎನ್ನುವುದು ಅಲ್ಲೇ. ಕಂಡವನು ಕಡಿಮೆ ಮಾತಾಡಿದರೂ ಸಾಕಾಗುತ್ತದೆ.

ಮಾತಿನಲ್ಲೇ ಎಲ್ಲ ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಸಾಗರ, ಸೊರಬ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ತಾಳಮದ್ದಳೆ ನಡೆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಅರ್ಥಧಾರಿಗಳು ಕೂತಲ್ಲೇ ಕುರುಕ್ಷೇತ್ರ ಎಬ್ಬಿಸುತ್ತಾರೆ. ಅದನ್ನು ಬಡ ಯಕ್ಷಗಾನ ಎಂದು ಯಾರೂ ಕರೆದಿಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಎದುರಾಳಿ ಎಲ್ಲಿಂದಲೋ ಪ್ರಶ್ನೆ ಎಸೆದರೆ ಅರ್ಥಧಾರಿ ಅಲ್ಲೇ ಉತ್ತರ ಹುಟ್ಟಿಸಬಲ್ಲ. ‘ಅಡ್ವೆಂಚರ್’ ಆಟಕ್ಕೆ ಮೊದಲೇ ಬರೆದಿಟ್ಟ ಉತ್ತರಗಳಷ್ಟೇ ಗತಿ. ಎಂಐಟಿಯಲ್ಲಿ 1977ರಲ್ಲಿ ಶುರುವಾದ ‘ಝೋರ್ಕ್’ ಇಡೀ ವಾಕ್ಯಗಳನ್ನು ಅರ್ಥಮಾಡಿಕೊಂಡಿತು, ಆದರೆ ಮಿತಿ ಇದ್ದೇ ಇತ್ತು.

ಆ ಮಿತಿ ಕಳಚಿದ್ದು 2019ರಲ್ಲಿ, ‘ಎಐ ಡಂಜನ್’ ಎಂಬ ಕೃತಕ ಬುದ್ಧಿಮತ್ತೆಯ ಆಟ ಬಂದಾಗ. ಏನು ಟೈಪಿಸಿದರೂ ಉತ್ತರ ಸಿದ್ಧ. ಆದರೆ ಆಗ ತಾನೇ ದಾಟಿ ಬಂದ ಬಾಗಿಲನ್ನು ಅದು ಸ್ವಲ್ಪ ಹೊತ್ತಿಗೆ ಮರೆಯುತ್ತಿತ್ತು. ಹಿಂದಿರುಗಿದರೆ ಬೇರೆಯೇ ಕೋಣೆ. ಹಳೆಯ ಆಟದ ಜಟಿಲ ದಾರಿಯಲ್ಲಿ ಎಲ್ಲ ಕೋಣೆಗಳ ವರ್ಣನೆಯೂ ಒಂದೇ ಥರ. ಜನ ಒಂದೊಂದು ಕೋಣೆಯಲ್ಲಿ ಒಂದೊಂದು ವಸ್ತು ಬಿಟ್ಟು ಗುರುತು ಮಾಡಿ ಕಾಗದದ ಮೇಲೆ ನಕ್ಷೆ ಬರೆದರು. ಬಿಟ್ಟ ವಸ್ತು ಬಿಟ್ಟಲ್ಲೇ ಇರುತ್ತದೆಂಬ ಭರವಸೆ ಇಲ್ಲದಿದ್ದರೆ ಆ ಕಸರತ್ತಿಗೆ ಅರ್ಥವೇ ಇಲ್ಲ. ಮಾತು ಎಷ್ಟು ಬೇಕಾದರೂ ಬರಲಿ, ಅದರ ಕೆಳಗೆ ನೆಲ ಬೇಕು ಎಂಬುದು ನನ್ನ ವಾದ.

ಹಾಗಾದರೆ ಗುಡವಿಯ ಮೇಲೆ ಇಂಥ ಆಟ ಬರೆಯಬಹುದೆ? ಭಾಷೆಯ ತೊಡಕು ಜನ ಅಂದುಕೊಂಡಷ್ಟಿಲ್ಲ. ಕ್ರೌಥರ್ ಅವರ ಪ್ರೋಗ್ರಾಂ ಪ್ರತಿ ಪದದ ಮೊದಲ ಐದು ಅಕ್ಷರ ಮಾತ್ರ ನೋಡುತ್ತಿತ್ತು. ಕನ್ನಡದಲ್ಲಿ ಪ್ರತ್ಯಯ ಬರುವುದು ಕೊನೆಗೆ, ಹಾಗಾಗಿ ಬಾಲ ಕತ್ತರಿಸಿದರೂ ಕೀಲಿ ಕೀಲಿಯಾಗಿಯೇ ಉಳಿಯುತ್ತದೆ. ‘ಝೋರ್ಕ್’ ಮಟ್ಟದ ವಾಕ್ಯಕ್ಕೆ ಆ ಬಾಲವೇ ನೆರವಾಗುತ್ತದೆ. ‘ಕೀಲಿ ಪೆಟ್ಟಿಗೆಯೊಳಗೆ ಇಡು’ ಎಂದರೂ ‘ಪೆಟ್ಟಿಗೆಯೊಳಗೆ ಕೀಲಿ ಇಡು’ ಎಂದರೂ ಗೊಂದಲವಿಲ್ಲ.

ಗುಹೆಯೇ ಬೇಕೆಂದರೆ ಇದೇ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯದ್ದು ಇದೆ. ಆದರೂ ಗುಡವಿಯ ಕೆರೆಯೇ ಹೆಚ್ಚು ಸವಾಲಿನದು. ಒಂದು ಚದರ ಕಿಲೋಮೀಟರಿಗಿಂತ ಚಿಕ್ಕ ಜಾಗ, ನೀರಲ್ಲೇ ನಿಂತ ಮರಗಳು, ವೀಕ್ಷಣಾ ಗೋಪುರ. ಮಳೆ ಹಿಡಿದ ಮೇಲೆ ಬಿಳಿ ಐಬಿಸ್, ಬೆಳ್ಳಕ್ಕಿ, ನೀರುಕಾಗೆಗಳು ಆ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಂಟಕಿಯ ಕಲ್ಲು ವರ್ಷವಿಡೀ ಒಂದೇ ಥರ. ಗುಡವಿಯಲ್ಲಿ ಬೇಸಿಗೆಯಲ್ಲಿ ಕಾಲಿಟ್ಟ ಜಾಗ ಮಳೆಗಾಲದಲ್ಲಿ ನೀರು. ‘ಅಡ್ವೆಂಚರ್’ ದೀಪಕ್ಕೆ ಇಂತಿಷ್ಟು ನಡೆಗಳ ಆಯಸ್ಸು ಕೊಟ್ಟು ಆಟಗಾರರನ್ನು ಅವಸರಪಡಿಸುತ್ತಿತ್ತು. ಇಲ್ಲಿ ದೀಪದ ಬದಲು ಪಂಚಾಂಗ ಬೇಕಾದೀತು. ಗೂಡಿನ ಕಾಲದಲ್ಲಿ ಯಾರಾದರೂ ‘ಕೂಗು’ ಎಂದು ಟೈಪಿಸಿದರೆ ಎಷ್ಟು ಅಂಕ ಕಳೆಯಬೇಕೆಂದು ಅಲ್ಲಿನ ಅರಣ್ಯ ಕಾವಲುಗಾರರನ್ನು ಕೇಳಿದರೆ ಹೇಳಿಯಾರು. ಗೂಡುಗಳು ಖಾಲಿಯಾದ ಮಾರ್ಚಿನಲ್ಲಿ ‘ನೋಡು’ ಎಂದವರಿಗೆ ಏನು ಕಾಣಿಸಬೇಕು ಎಂಬುದನ್ನು ಮಾತ್ರ, ಪ್ರೋಗ್ರಾಂ ಬರೆಯುವವರು ಮಾರ್ಚಿನಲ್ಲೂ ಒಮ್ಮೆ ಕೆರೆ ಸುತ್ತಿ ಬಂದು ಬರೆಯಬೇಕು.