ಅರಮನೆಯ ಚಿತ್ರ, ಮನೆಯ ಗೋಡೆ

ಈಚೆಗೆ ಮೈಸೂರಿನ ಸದ್ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ನಡುಮನೆಯ ಗೋಡೆಯಲ್ಲಿ ದೀಪ ಹಿಡಿದ ಹೆಣ್ಣುಮಗಳ ಪಟ. “ರವಿವರ್ಮನದು, ಶಾಸ್ತ್ರಿಗಳೇ” ಎಂದರು ಯಜಮಾನರು. ಬಹುಮಂದಿಯ ನಂಬಿಕೆ ಅದೇ. ಆದರೆ ಜಗನ್ಮೋಹನ ಅರಮನೆಯ ಆ ಮೂಲಚಿತ್ರವನ್ನು 1945–46ರ ಸುಮಾರಿಗೆ ಬರೆದವರು ಎಸ್. ಎಲ್. ಹಲ್ದಣಕರ್. ಮಗಳು ಗೀತಾ ಅವರನ್ನೇ ದೀಪ ಹಿಡಿಸಿ ನಿಲ್ಲಿಸಿಕೊಂಡರಂತೆ. ಅದು ತೈಲವರ್ಣವೂ ಅಲ್ಲ, ಜಲವರ್ಣ! ಬೆರಳ ಸಂದಿನಿಂದ ಸೂಸುವ ಆ ಬೆಳಕನ್ನು ನೀರುಬಣ್ಣದಲ್ಲಿ ತಂದ ಕೈ ಸಾಮಾನ್ಯವಾದುದಲ್ಲ.

ಚೆಲುವಾದುದೆಲ್ಲ ರವಿವರ್ಮನದೆನ್ನುವ ರೂಢಿಗೆ ಕಾರಣವುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ಮುಮ್ಮಡಿಯವರ ಕಾಲದ ಚಿತ್ರಗಾರರು ಧ್ಯಾನಶ್ಲೋಕಕ್ಕೆ ತಕ್ಕಂತೆ ದೇವತೆಗಳ ಮೈಬಣ್ಣ, ಆಯುಧ, ಆಸನಗಳನ್ನು ನಿಶ್ಚಯಿಸಿ ಚಿನ್ನದ ರೇಕು ಕೂರಿಸುತ್ತಿದ್ದರು. ‘ಶ್ರೀತತ್ತ್ವನಿಧಿ’ಯಲ್ಲಿ ಆ ಲಕ್ಷಣಗಳೆಲ್ಲ ಇವೆ. ಮುಂದೆ 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ರವಿವರ್ಮ ಮೈಸೂರಿಗೆ ಬಂದರು. 1904ರಲ್ಲಿ ನಾಲ್ವಡಿಯವರು ಅವರಿಂದ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆಯಿಸಿದರು. ದೇವಿಯರು ಸೀರೆಯುಟ್ಟ, ನೆರಳು ಬೆಳಕಿನ ಮಾನವ ಸ್ತ್ರೀಯರಾದರು. 1894ರಲ್ಲಿ ರವಿವರ್ಮರು ಮುಂಬಯಿಯಲ್ಲಿ ತೆರೆದ ಕಲ್ಲಚ್ಚಿನ ಮುದ್ರಣಾಲಯವಂತೂ ಅರಸರು ಕಾಣುತ್ತಿದ್ದುದನ್ನು ಬಡವರ ಗುಡಿಸಲಿಗೂ ತಲಪಿಸಿತು. ಇದು ಉಪಕಾರವೇ, ಅಲ್ಲಗಳೆಯಲಾರೆವು.

ಆದರೆ ಅದೇ ಅಚ್ಚಿನಲ್ಲಿ ನಮ್ಮ ಶರಣರೂ ಎರಕಗೊಂಡರು. ಕ್ಯಾಲೆಂಡರಿನ ಬಸವಣ್ಣನವರಿಗೆ ಕಿರೀಟ, ಮುತ್ತಿನ ಹಾರ, ನಾಟಕದ ಪರದೆಯಂಥ ಹಿನ್ನೆಲೆ. ಹನ್ನೆರಡನೆಯ ಶತಮಾನದ ಶರಣರನ್ನು ಕಣ್ಣಾರೆ ಕಂಡು ಬರೆದ ಚಿತ್ರ ನಮಗೆ ಉಳಿದುಬಂದಿಲ್ಲ. ಕರಸ್ಥಲದ ಇಷ್ಟಲಿಂಗಕ್ಕಂತೂ ಮುಖವೇ ಇಲ್ಲ. ಹೀಗಿದ್ದೂ ಮಠದಲ್ಲಿ ಓದುವಾಗ ಅಕ್ಕಮಹಾದೇವಿಯ ವಚನ ಬಾಯಿಗೆ ಬಂದೊಡನೆ ನಮ್ಮ ಕಣ್ಣೆದುರು ನಿಲ್ಲುತ್ತಿದ್ದುದು ಒಂದು ಕ್ಯಾಲೆಂಡರಿನ ಮುಖ. ಅರುವತ್ತು ದಾಟಿದರೂ ಅದು ಅಳಿದಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಇದನ್ನೆಲ್ಲ ಕೇಳಿದ ಯಜಮಾನರು ಪಟಗಳನ್ನು ತೆಗೆದಿಡಬೇಕೇ ಎಂದು ಅಳುಕಿದರು. ಬೇಡವೆಂದೆವು. ದೀಪದ ಪಟವನ್ನು ಇಳಿಸಿ, ಹಿಂಬದಿಯಲ್ಲಿ ಹಲ್ದಣಕರರ ಹೆಸರನ್ನು ಬರೆದುಕೊಟ್ಟೆವು. ನೋಡುತ್ತ ನಿಂತಿದ್ದ ಮೊಮ್ಮಗಳು ಪೂಜೆಯ ಕೋಣೆಯತ್ತ ಕೈದೋರಿ, “ತಾತ, ಆ ಬಸವಣ್ಣನವರನ್ನು ಬರೆದವರು ಯಾರು?” ಎಂದು ಕೇಳಿತು. ಆ ಪಟದಲ್ಲಿ ಅಂಗಡಿಯ ಹೆಸರಿತ್ತು, ಬರೆದವರದಿರಲಿಲ್ಲ.