ಪಿಡಿಎಫ್ ರೀಡರ್ ಯಾವುದಾದ್ರೇನು ಅನ್ನೋರಿಗೆ



"ಅಣ್ಣಾ, ಮನೆ ಕಂಪ್ಯೂಟರಿಗೆ ಒಳ್ಳೇ ಪಿಡಿಎಫ್ ರೀಡರ್ ಯಾವುದು?" ಅಂತ ಇನ್‌ಬಾಕ್ಸಿಗೆ ಕೇಳ್ತಾನೇ ಇರ್ತೀರಿ. ಒಬ್ಬೊಬ್ಬರಿಗೂ ಬರೆಯೋ ಬದಲು ಇಲ್ಲೇ ಬರೀತಿದ್ದೀನಿ. ಇದು ಬರೀ ಟೆಕ್ನಿಕಲ್ ವಿಷಯ ಅಲ್ಲ ಅನ್ನೋದು ನನ್ನ ವಾದ.

ನಮ್ಮ ಚಳವಳಿಯ ಓದು ಈಗ ಬಹುಪಾಲು ಪಿಡಿಎಫ್ ಒಳಗಿದೆ. ಬಾಬಾಸಾಹೇಬರ ಬರಹ ಮತ್ತು ಭಾಷಣಗಳ ಇಂಗ್ಲಿಷ್ ಸಂಪುಟಗಳನ್ನು ಮಹಾರಾಷ್ಟ್ರ ಸರ್ಕಾರ 1979ರಿಂದ ಪ್ರಕಟಿಸುತ್ತಾ ಬಂತು. ಇವತ್ತು ಅವು ಸರ್ಕಾರಿ ಜಾಲತಾಣದಲ್ಲೇ ಉಚಿತವಾಗಿ ಸಿಗ್ತವೆ. ದೌರ್ಜನ್ಯ ತಡೆ ಕಾಯ್ದೆ, ಪಿಟಿಸಿಎಲ್ ಕಾಯ್ದೆ, ಆಯೋಗಗಳ ವರದಿ, ಕೋರ್ಟಿನ ತೀರ್ಪು, ಸುತ್ತೋಲೆ, ಎಫ್‌ಐಆರ್ ಪ್ರತಿ, ಜಾತಿ ಪ್ರಮಾಣಪತ್ರ ಎಲ್ಲವೂ ಪಿಡಿಎಫ್. ಆ ಫೈಲು ತೆರೆಯೋಕೆ ಐದು ನಿಮಿಷ ಹಿಡಿದರೆ ಓದುವವರು ಎದ್ದು ಹೋಗ್ತಾರೆ. ಅಕ್ಷರ ಕಿತ್ತುಕೊಳ್ಳೋಕೆ ಈಗ ಯಾರೂ ದೊಣ್ಣೆ ಹಿಡಿದು ಬರಬೇಕಿಲ್ಲ. ಗಿರಗಿರ ಸುತ್ತೋ ಒಂದು ಚಕ್ರ ಸಾಕು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಪಿಡಿಎಫ್ ಅನ್ನೋದು ಯಾವ ಕಂಪನಿಯ ಖಾಸಗಿ ಆಸ್ತಿಯೂ ಅಲ್ಲ. 1993ರಲ್ಲಿ ಅಡೋಬಿ ಕಂಪನಿ ಇದನ್ನು ತಂದದ್ದು ನಿಜ. ಆದರೆ 2008ರಲ್ಲಿ ಅದು ಅಂತರರಾಷ್ಟ್ರೀಯ ಮುಕ್ತ ಮಾನದಂಡವಾಯ್ತು. ಯಾರು ಬೇಕಾದರೂ ರೀಡರ್ ತಯಾರಿಸಬಹುದು. ಆದರೂ ನಮ್ಮವರು ಹೆಸರಾಂತ ಒಂದೇ ಅಂಗಡಿ ಮುಂದೆ ಕ್ಯೂ ನಿಲ್ತಾರೆ. ನನಗೆ ಮಹಾಡ್ ನೆನಪಾಗುತ್ತೆ. ಚೌಡಾರ್ ಕೆರೆಯನ್ನು ಅಲ್ಲಿನ ಪುರಸಭೆ ಕಾಗದದ ಮೇಲೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು. ಆದರೆ ಆ ನೀರು ಬೊಗಸೆಗೆ ಬರಬೇಕಾದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ನಡೆದು ಹೋಗಬೇಕಾಯ್ತು. ಎರಡೂ ಒಂದೇ ತೂಕದವು ಅಂತ ಹೇಳ್ತಿಲ್ಲ. ತೆರೆದಿದೆ ಅಂತ ಬರೆದ ಮಾತ್ರಕ್ಕೆ ದಕ್ಕಲ್ಲ, ಹೋಗಿ ಬಳಸಬೇಕು ಅಂತ ಹೇಳ್ತಿದ್ದೀನಿ.

ನಮ್ಮ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ, ಸಂಘಟನೆಯ ಆಫೀಸುಗಳಲ್ಲಿ ಇರೋದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು. ಹಾಗಾಗಿ ನನ್ನ ಷರತ್ತು ನಾಲ್ಕೇ. ಹಳೇ ಯಂತ್ರದಲ್ಲಿ ಓಡಬೇಕು. ಓದೋಕೆ ಲಾಗಿನ್ ಕೇಳಬಾರದು. ನೆಟ್ ಇಲ್ಲದೆ ಕೆಲಸ ಮಾಡಬೇಕು. ದುಡ್ಡು ಕೇಳಬಾರದು.

ವಿಂಡೋಸ್ ಇದ್ದರೆ ಮೊದಲು ಸುಮಾತ್ರ ಪಿಡಿಎಫ್ ಹಾಕ್ಕೊಳ್ಳಿ. ಕೆಲವೇ ಎಂ.ಬಿ. ತೂಕ, ಮುಕ್ತ ತಂತ್ರಾಂಶ. ಪಿಡಿಎಫ್ ಅಲ್ಲದೆ ಇ-ಪಬ್, ಡೇಜಾವೂ ಫೈಲುಗಳನ್ನೂ ತೆರೆಯುತ್ತೆ. ಹಳೇ ಪುಸ್ತಕಗಳ ಸ್ಕ್ಯಾನು ಎಷ್ಟೋ ಸಲ ಡೇಜಾವೂನಲ್ಲೇ ಸಿಗೋದು. ಎಲ್ಲಿಗೆ ಓದಿ ನಿಲ್ಲಿಸಿದ್ರಿ ಅನ್ನೋದನ್ನು ನೆನಪಿಟ್ಟುಕೊಳ್ಳುತ್ತೆ. ಪೋರ್ಟಬಲ್ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಇನ್‌ಸ್ಟಾಲ್ ಮಾಡದೆಯೂ ಓಡುತ್ತೆ. ಸೈಬರ್ ಸೆಂಟರಲ್ಲಿ ಓದೋ ಹುಡುಗ ಹುಡುಗಿಯರಿಗೆ ಇದು ದೊಡ್ಡ ಅನುಕೂಲ. ಕೊರತೆ ಏನಂದ್ರೆ, ಇದರಲ್ಲಿ ಅರ್ಜಿ ಫಾರಂ ತುಂಬೋಕಾಗಲ್ಲ. ಅದಕ್ಕೆ ಫೈರ್‌ಫಾಕ್ಸ್ ಬ್ರೌಸರ್ ಸಾಕು.

ಗೆರೆ ಎಳೆದು, ಪಕ್ಕದಲ್ಲಿ ಟಿಪ್ಪಣಿ ಬರೆದು ಓದೋರಿಗೆ ಓಕ್ಯುಲರ್ ಒಳ್ಳೇದು. ಲಿನಕ್ಸ್, ವಿಂಡೋಸ್ ಎರಡರಲ್ಲೂ ಬರುತ್ತೆ. 2022ರಲ್ಲಿ ಜರ್ಮನಿಯ ಬ್ಲೂ ಏಂಜಲ್ ಪರಿಸರ ಮುದ್ರೆ ಪಡೆದ ಮೊದಲ ತಂತ್ರಾಂಶ ಇದು. ಐದು ವರ್ಷ ಹಳೇ ಯಂತ್ರದಲ್ಲೂ ನಡೀಬೇಕು ಅನ್ನೋದು ಆ ಮುದ್ರೆಯ ಷರತ್ತುಗಳಲ್ಲಿ ಒಂದು. ಕಣ್ಣು ಕಾಣದ ಸಂಗಾತಿಗಳಿಗೆ ಮಾತ್ರ ಸುಮಾತ್ರ ಹೊಂದಲ್ಲ. ಅವರು ಉಚಿತವಾಗಿ ಸಿಗೋ ಎನ್‌ವಿಡಿಎ ಜೊತೆ ಫೈರ್‌ಫಾಕ್ಸ್ ಬಳಸಲಿ.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸೋ ವಿಷಯ. ಎರಡು ಪಿಡಿಎಫ್ ಜೋಡಿಸೋಕೆ, ಸೈಜು ಕಮ್ಮಿ ಮಾಡೋಕೆ ಅಂತ ನಮ್ಮವರು ಯಾವ್ಯಾವುದೋ ಆನ್‌ಲೈನ್ ಸೈಟಿಗೆ ಫೈಲು ಹಾಕ್ತಾರೆ. ಅದು ಎಫ್‌ಐಆರ್ ಆಗಿರುತ್ತೆ, ಸಂತ್ರಸ್ತೆಯ ಹೇಳಿಕೆ ಆಗಿರುತ್ತೆ, ವೈದ್ಯಕೀಯ ವರದಿ ಆಗಿರುತ್ತೆ. ಅದು ಯಾರ ಕಂಪ್ಯೂಟರಿಗೆ ಹೋಯ್ತು, ಅಳಿಸಿದರೋ ಇಟ್ಟುಕೊಂಡರೋ ನಿಮಗೆ ಗೊತ್ತಾಗಲ್ಲ. ಜೋಡಿಸೋ ಕೆಲಸವನ್ನು ಪಿಡಿಎಫ್‌ಸ್ಯಾಮ್‌ನಂಥ ಉಚಿತ ತಂತ್ರಾಂಶದಲ್ಲಿ ಮನೆಯಲ್ಲೇ ಮಾಡಬಹುದು.

ಇನ್ನೊಂದು, ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದು ಗುಂಪಿಗೆ ಹಂಚೋ ಅಭ್ಯಾಸ. ಎಷ್ಟೋ ರೀಡರುಗಳಲ್ಲಿ ಆ ಪಟ್ಟಿ ಬರೀ ಮೇಲ್ಹೊದಿಕೆ, ಅಡಿಯಲ್ಲಿ ಅಕ್ಷರ ಹಾಗೇ ಇರುತ್ತೆ. ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಹೆಸರು ಹೊರಗೆ. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮು ಸಾಕ್ಷಿಗಳ ಹೆಸರು, ವಿಳಾಸ ಮರೆಮಾಡೋಕೆ ಕೋರ್ಟಿಗೇ ಅವಕಾಶ ಕೊಟ್ಟಿದೆ. ಅವರ ಊರಿನಲ್ಲಿ ಆ ಹೆಸರು ಹೊರಬಿದ್ದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಪ್ರಿಂಟ್ ತೆಗೀರಿ, ಹೆಸರಿನ ಮೇಲೆ ದಪ್ಪ ಕಾಗದದ ಚೂರು ಅಂಟಿಸಿ, ಮತ್ತೆ ಸ್ಕ್ಯಾನ್ ಮಾಡಿ ಕಳಿಸಿ. ಹಳೇ ಉಪಾಯ, ಆದರೆ ಮೋಸ ಮಾಡಲ್ಲ.

ಕೊನೆಗೆ ನಮ್ಮವರ ಮೇಲೇ ಒಂದು ದೂರು. ಎಷ್ಟೇ ಒಳ್ಳೇ ರೀಡರ್ ಹಾಕಿದರೂ ಕೆಲವು ಕನ್ನಡ ಫೈಲುಗಳಲ್ಲಿ 'ಮೀಸಲಾತಿ' ಅಂತ ಹುಡುಕಿದರೆ ಏನೂ ಸಿಗಲ್ಲ. ತಪ್ಪು ರೀಡರಿನದಲ್ಲ. ಅದು ನುಡಿ, ಬರಹದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪಾಗಿರುತ್ತೆ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಇಲ್ಲವೇ ಬರೀ ಫೋಟೋ ಆಗಿರುತ್ತೆ. ಆಗ ಹುಡುಕೋದೂ ಇಲ್ಲ, ಕಣ್ಣು ಕಾಣದವರಿಗೆ ಕೇಳಿಸೋದೂ ಇಲ್ಲ. ಸರ್ಕಾರಿ ಇಲಾಖೆಗಳನ್ನು ಬೈಯೋಣ, ಬೈಯಲೇಬೇಕು. ಆದರೆ ನಮ್ಮ ಕರಪತ್ರ, ನಮ್ಮ ಅಧ್ಯಯನ ಶಿಬಿರದ ಟಿಪ್ಪಣಿ, ನಮ್ಮ ಸತ್ಯಶೋಧನಾ ವರದಿಗಳು ಹೇಗಿವೆ? ಅವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಸೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹಳೇ ಸ್ಕ್ಯಾನುಗಳಿಗೆ ಟೆಸರಾಕ್ಟ್ ಅನ್ನೋ ಉಚಿತ ತಂತ್ರಾಂಶ ಇದೆ, ಚಿತ್ರದಲ್ಲಿರೋ ಕನ್ನಡವನ್ನು ಗುರುತಿಸಿ ಅಕ್ಷರ ಮಾಡುತ್ತೆ. ತಪ್ಪುಗಳು ಬರ್ತವೆ, ಕೂತು ತಿದ್ದಬೇಕು. ಪ್ರತಿ ಜಿಲ್ಲೆಯಲ್ಲಿ ನಾಲ್ಕು ಜನ ಕೂತರೆ ವರ್ಷದಲ್ಲಿ ಎಷ್ಟು ವರದಿ ಜೀವ ಪಡೀತವೆ, ಯೋಚನೆ ಮಾಡಿ.

ಪುಸ್ತಕಗಳಿಗೆ ಜಾಗ ಬೇಕು ಅಂತಲೇ ಬಾಬಾಸಾಹೇಬರು ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ನಮ್ಮ ಗ್ರಂಥಾಲಯ ಇವತ್ತು ಒಂದು ಪೆನ್‌ಡ್ರೈವಿನಲ್ಲಿ ಹಿಡಿಸುತ್ತೆ. ಆ ಪೆನ್‌ಡ್ರೈವಿಗೆ ಸಂಪುಟಗಳ ಜೊತೆ ಒಂದು ರೀಡರನ್ನೂ ಹಾಕಿ, ಪಕ್ಕದ ಹಾಸ್ಟೆಲಿಗೆ ಕೊಟ್ಟು ಬನ್ನಿ. ಟೈಪಿಂಗ್ ಬರೋರು, ತಿದ್ದೋಕೆ ಸಮಯ ಇರೋರು ಕೆಳಗೆ ನಿಮ್ಮ ಜಿಲ್ಲೆ ಹೆಸರು ಹಾಕಿ. ಫೋನ್ ನಂಬರ್ ಇಲ್ಲಿ ಹಾಕಬೇಡಿ, ನಾನೇ ಮೆಸೇಜ್ ಮಾಡ್ತೀನಿ.

ಜೈಭೀಮ್.