ಒಂದಗುಳಿನ ಲೆಕ್ಕ

ಮಕ್ಕಳೇ, ನಿಮ್ಮ ತರಗತಿಯಲ್ಲಿ 40 ಮಂದಿ ಇದ್ದೀರಿ ಎನ್ನೋಣ. ಗಣಿತದ ಪರೀಕ್ಷೆಯಲ್ಲಿ ಎಲ್ಲರ ಅಂಕ ಕೂಡಿಸಿ 40ರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಪಾಸಾದವರು ಎಷ್ಟು ಎಂದು ಬರೆದು ಗೋಡೆಗೆ ಅಂಟಿಸಲೂಬಹುದು. ಕೈಯಲ್ಲಿರುವ ಅಂಕಿಗಳನ್ನು ಹೀಗೆ ಒಪ್ಪವಾಗಿ ಜೋಡಿಸಿ ತೋರಿಸುವುದು ವಿವರಣಾತ್ಮಕ ಸಂಖ್ಯಾಶಾಸ್ತ್ರ. ಬ್ಯಾಂಕಿನಲ್ಲಿ ನಾನು ಮಾಡಿದ್ದೆಲ್ಲ ಇದೇ. ಜಮೆ ಇಷ್ಟು, ಪಾವತಿ ಇಷ್ಟು, ಶಿಲ್ಕು ಇಷ್ಟು. ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಅಲ್ಲಿ ಊಹೆಗೆ ಜಾಗವಿಲ್ಲ.

ಆದರೆ ನಿಮ್ಮ ಸರಾಸರಿ 68 ಬಂತೆಂದು, "ನಮ್ಮ ತಾಲ್ಲೂಕಿನ ಮಕ್ಕಳ ಸರಾಸರಿಯೂ 68ರ ಆಸುಪಾಸು" ಎಂದಿರೋ, ಆಗ ಹೊಸಿಲು ದಾಟಿದಿರಿ. ಕಂಡದ್ದರಿಂದ ಕಾಣದ್ದಕ್ಕೆ ಹೋದಿರಿ. ಇದು ಅನುಮಾನಾತ್ಮಕ ಸಂಖ್ಯಾಶಾಸ್ತ್ರ. ಇಲ್ಲಿ ಅನುಮಾನ ಎಂದರೆ ಸಂಶಯವಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತರ್ಕಶಾಸ್ತ್ರದವರು ಹೇಳುತ್ತಾರಲ್ಲ, ಆ ಅನುಮಾನ. (ಸಂಶಯವೂ ಸ್ವಲ್ಪ ಇದ್ದರೆ ಒಳ್ಳೆಯದೇ ಅನ್ನಿ.)

ಅಜ್ಜಿಯರು ಇದನ್ನು ದಿನಾ ಮಾಡುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಆದರೆ ಹುಳಿಗೆ ಉಪ್ಪು ಹಾಕಿ, ಕದಡದೆ, ಮೇಲಿನದನ್ನೇ ತೆಗೆದು ರುಚಿ ನೋಡಿದರೆ? ಸಪ್ಪೆ ಎನಿಸುತ್ತದೆ, ಇನ್ನೊಂದು ಚಮಚ ಉಪ್ಪು ಬೀಳುತ್ತದೆ, ಊಟಕ್ಕೆ ಕುಳಿತವರ ಗತಿ ಕೇಳಬೇಡಿ. ಚೆನ್ನಾಗಿ ಕದಡಿದ್ದರೆ ಮನೆಯ ಪಾತ್ರೆಗೂ ಮದುವೆಮನೆಯ ಕೊಪ್ಪರಿಗೆಗೂ ಒಂದೇ ಸೌಟು ಸಾಕು.

ಕದಡದೆ ರುಚಿ ನೋಡಿದವರ ದೊಡ್ಡ ಕಥೆ ಅಮೆರಿಕದಲ್ಲಿ ನಡೆಯಿತು. 1936ರ ಅಧ್ಯಕ್ಷ ಚುನಾವಣೆ; ಒಂದು ಕಡೆ ರೂಸ್‌ವೆಲ್ಟ್, ಇನ್ನೊಂದು ಕಡೆ ಲ್ಯಾಂಡನ್. 'ಲಿಟರರಿ ಡೈಜೆಸ್ಟ್' ಎಂಬ ವಾರಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಚೀಟಿ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ! ಗ್ಯಾಲಪ್ ಎಂಬವರು ಸುಮಾರು 50 ಸಾವಿರ ಮಂದಿಯನ್ನಷ್ಟೇ ಕೇಳಿ ರೂಸ್‌ವೆಲ್ಟ್ ಹೆಸರು ಹೇಳಿದ್ದರು. ಪತ್ರಿಕೆಯ ಎಣಿಕೆಯಲ್ಲಿ ತಪ್ಪಿರಲಿಲ್ಲ. ಬಂದ ಚೀಟಿಗಳ ಮಟ್ಟಿಗೆ ಅದು ಹೇಳಿದ್ದು ನಿಜವೇ. ಆದರೆ ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ ಆರಿಸಿತ್ತು. ದೇಶದಲ್ಲಿ ಆಗ ಆರ್ಥಿಕ ಕುಸಿತ, ಬಡವರ ಮನೆಯಲ್ಲಿ ಫೋನೆಲ್ಲಿ? ಚೀಟಿ ಸಿಕ್ಕವರಲ್ಲೂ ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ. 1938ರಲ್ಲಿ ಆ ಪತ್ರಿಕೆ ನಿಂತುಹೋಯಿತು.

ನಮ್ಮ ದೇಶದಲ್ಲಿ ಈ ಕದಡುವ ವಿದ್ಯೆಯನ್ನು ಬೆಳೆಸಿದವರು ಪ್ರಶಾಂತಚಂದ್ರ ಮಹಾಲನೋಬಿಸ್. ಅವರ ಹುಟ್ಟುಹಬ್ಬ ಜೂನ್ 29 ನಮ್ಮ ಸಂಖ್ಯಾಶಾಸ್ತ್ರ ದಿನ. ಬಂಗಾಳದ ಸೆಣಬಿನ ಬೆಳೆಯನ್ನು ಎಲ್ಲ ಹೊಲ ಅಳೆಯದೆ, ಕೆಲವನ್ನೇ ಆರಿಸಿ ಅಂದಾಜು ಮಾಡಿ ತೋರಿಸಿದರು. ಅವರ ಸಂಸ್ಥೆಗೆ 1941ರಲ್ಲಿ ಕಲಿಯಲು ಹೋದ ಹುಡುಗ ಸಿ.ಆರ್. ರಾವ್, ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಒಂದು ಮಾದರಿಯಿಂದ ಮಾಡುವ ಅಂದಾಜು ಹೆಚ್ಚೆಂದರೆ ಎಷ್ಟು ನಿಖರವಾಗಿರಬಲ್ಲದು ಎಂಬುದರ ಮಿತಿಯನ್ನು ಅವರು 1945ರಲ್ಲೇ ಬರೆದು ತೋರಿಸಿದರು.

ಇನ್ನು ಅಜ್ಜಂದಿರೇ, ಮಾತು ನಮ್ಮ ಮಂಡಿಗೆ ಬಂತು. "ಈ ಎಣ್ಣೆ ಹಚ್ಚಿದ 10 ಮಂದಿಯಲ್ಲಿ 9 ಮಂದಿಗೆ ನೋವು ಮಾಯ" ಎನ್ನುವ ಜಾಹೀರಾತು ನೋಡಿದ್ದೀರಲ್ಲ? ಆ ಹತ್ತು ಮಂದಿಯ ಮಟ್ಟಿಗೆ ನಿಜವೇ ಇರಬಹುದು. ಅದು ವಿವರಣೆ. ನನ್ನ ಮಂಡಿಗೂ ಗುಣ ಎನ್ನುವುದು ಅನುಮಾನ, ಮತ್ತು ಅದಕ್ಕೇ ನಾವು ಪಿಂಚಣಿಯ ಹಣ ಬಿಚ್ಚುವುದು. ಆ ಹತ್ತು ಮಂದಿಯನ್ನು ಆರಿಸಿದವರು ಯಾರು? ಬರೀ ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡ ಇನ್ನೊಂದು ಗುಂಪಿನವರಿಗೆ ಏನಾಯಿತು? ಹತ್ತೇ ಮಂದಿಯಾದರೆ ಅದೃಷ್ಟದ ಪಾಲೆಷ್ಟು? ಇಷ್ಟಕ್ಕೆ ಉತ್ತರವಿಲ್ಲದೆ ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ. ನನ್ನ ವಯಸ್ಸಿನವರು ಹಾಗೆ ಬಿಟ್ಟು ನರಳಿದ್ದನ್ನು ನೋಡಿದ್ದೇನೆ.

ಅದೃಷ್ಟದ ಪಾಲನ್ನು ಅಳೆಯುವುದು ಹೇಗೆಂದು ಇಂಗ್ಲೆಂಡಿನ ಫಿಶರ್ ಎಂಬ ಪಂಡಿತರು ಚಹಾದ ಕಪ್ಪುಗಳಿಂದ ತೋರಿಸಿಕೊಟ್ಟರು. ಮೊದಲು ಹಾಲು ಹಾಕಿದರೋ, ಚಹಾ ಹಾಕಿದರೋ, ಕುಡಿದೇ ಹೇಳುತ್ತೇನೆ ಎಂದ ಒಬ್ಬ ಮಹಿಳೆಯನ್ನು ಪರೀಕ್ಷಿಸಿದ ರೀತಿ ಅದು. ನಾವು ಕಾಫಿಯಲ್ಲಿ ಮಾಡೋಣ. ಭಾನುವಾರ 8 ಲೋಟ ಇಡಿ. ನಾಲ್ಕಕ್ಕೆ ಮೊದಲು ಡಿಕಾಕ್ಷನ್, ನಾಲ್ಕಕ್ಕೆ ಮೊದಲು ಹಾಲು. ಚೀಟಿ ಎತ್ತಿ ಸಾಲು ಬೆರೆಸಿ. ಹಾಲು ಮೊದಲು ಹಾಕಿದ ನಾಲ್ಕನ್ನು ಅಜ್ಜಿ ಗುರುತಿಸಲಿ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಬರೀ ಊಹೆಯಿಂದ ನಾಲ್ಕೂ ಸರಿಯಾಗುವುದು 70ರಲ್ಲಿ ಒಂದು ಸಲ. ಹಾಗೆ ಹೇಳಿದರೆ ಅಜ್ಜಿಯ ನಾಲಿಗೆಗೆ ಕೈಮುಗಿಯಿರಿ. ಮೂರು ಸರಿ, ಒಂದು ತಪ್ಪಾದರೆ? ಅದು 16 ದಾರಿಗಳಲ್ಲಿ ಆಗುತ್ತದೆ, ಕಣ್ಣುಮುಚ್ಚಿ ಹೇಳಿದವರಿಗೂ ಆಗಬಹುದು. ಒಂದೊಂದು ಲೋಟದಿಂದ ಒಂದೇ ಗುಟುಕು ಕೊಡಿ. ಎಂಟು ಲೋಟ ಕಾಫಿ ಕುಡಿದರೆ ಅಜ್ಜಿಗೆ ರಾತ್ರಿ ನಿದ್ದೆ ಬಾರದು.